ಬಿಸಿಲಿನಲ್ಲಿ ಕೆಲಸ ಮಾಡುವ ‘ನ್ಯಾನೋ ಕಿಣ್ವದ ಪುಡಿ’ ಕೊಳವೆ ಬಾವಿಯ ಫ್ಲೋರೈಡ್ ತೆಗೆಯುತ್ತದೆಯೇ?

ಪ್ರಶ್ನೆ: ನಾವು ಕೋಲಾರ ತಾಲ್ಲೂಕಿನ ರೈತರು. ಟೊಮೆಟೊ ಬೆಳೆಯುತ್ತೇವೆ, ನಾಲ್ಕು ಸೀಮೆ ಹಸು ಮತ್ತು ಕೆಲವು ಕುರಿಗಳಿವೆ. ನಮ್ಮ ಕೊಳವೆ ಬಾವಿಯ ನೀರನ್ನು ಪರೀಕ್ಷೆ ಮಾಡಿಸಿದಾಗ ಫ್ಲೋರೈಡ್ ಲೀಟರಿಗೆ 2.6 ಮಿಲಿಗ್ರಾಂ, ನೈಟ್ರೇಟ್ 58, ಒಟ್ಟು ಕರಗಿದ ಲವಣ 940, ಕ್ಷಾರೀಯತೆ 380, ಪಿಎಚ್ 7.8 ಎಂದು ವರದಿ ಬಂತು. ಊರ ಕೆರೆಗೆ ಕೆ.ಸಿ. ವ್ಯಾಲಿ ಯೋಜನೆಯ ನೀರು, ಎಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಬರುತ್ತದೆ, ಬೇಸಿಗೆಯಲ್ಲಿ ಹಸಿರುಗಟ್ಟಿ ವಾಸನೆ ಹೊಡೆಯುತ್ತದೆ. ಈಚೆಗೆ ಒಬ್ಬರು ನಮ್ಮ ಹಾಲಿನ ಡೇರಿಯ ಮುಂದೆ ನೀಲಿ ಬಣ್ಣದ ನೀರಿಗೆ ಒಂದು ಪುಡಿ ಹಾಕಿ ಬಿಸಿಲಿನಲ್ಲಿಟ್ಟರು. ಅರ್ಧ ಗಂಟೆಯಲ್ಲಿ ನೀರು ತಿಳಿಯಾಯಿತು. ಇದು ‘ನ್ಯಾನೋ ಕಿಣ್ವ’, ಬಿಸಿಲೊಂದೇ ಸಾಕು, ಎಷ್ಟು ವರ್ಷವಾದರೂ ಸವೆಯುವುದಿಲ್ಲ, ಫ್ಲೋರೈಡ್ ಹೋಗುತ್ತದೆ, ಕೆರೆಯ ವಾಸನೆ ಹೋಗುತ್ತದೆ, ಔಷಧಿ ಹೊಡೆದ ಸ್ಪ್ರೇಯರ್ ತೊಳೆದ ನೀರೂ ಶುದ್ಧವಾಗುತ್ತದೆ ಎಂದರು. ಡೇರಿಯ ಸದಸ್ಯರೆಲ್ಲ ಹಣ ಹಾಕಿ ಕೊಳ್ಳೋಣ ಎನ್ನುತ್ತಿದ್ದಾರೆ. ಎಂ.ಎಸ್ಸಿ. ಓದುತ್ತಿರುವ ನನ್ನ ತಂಗಿಯ ಮಗಳು ಇದು ನಿಜವಾದ ವಿಜ್ಞಾನವೇ ಎನ್ನುತ್ತಾಳೆ. ನನ್ನ ತಮ್ಮ ಮಾತ್ರ ನ್ಯಾನೋ ಎಂದರೆ ವಿಷ, ಹಸುವಿನ ತೊಟ್ಟಿಯ ಹತ್ತಿರವೂ ತರಬೇಡಿ ಎನ್ನುತ್ತಾನೆ. ಯಾರ ಮಾತು ಸರಿ? ನಾವು ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ನೀರುಗಳ ತೊಂದರೆ ಒಟ್ಟಿಗೆ ಸೇರಿಕೊಂಡಿದೆ: ಮನೆಯವರೂ ದನಕರುಗಳೂ ಕುಡಿಯುವ ಕೊಳವೆ ಬಾವಿಯ ನೀರು, ಕೆರೆಯ ನೀರು ಮತ್ತು ಸ್ಪ್ರೇಯರ್ ತೊಳೆದ ನೀರು. ಮೂರರಲ್ಲೂ ಇರುವ ಮಾಲಿನ್ಯದ ಸ್ವಭಾವವೇ ಬೇರೆ. ಆದ್ದರಿಂದ ಮೂರಕ್ಕೂ ಒಂದೇ ಪುಡಿ ಎನ್ನುವ ಮಾತು ಕೇಳಿದಾಗಲೇ ಅನುಮಾನ ಬರಬೇಕು. ಕುಡಿಯುವ ನೀರಿಗಾಗಿ ಈ ಪುಡಿಯನ್ನು ಕೊಳ್ಳಬೇಡಿ. ದನದ ತೊಟ್ಟಿಗಾಗಲಿ ಕೆರೆಗಾಗಲಿ ಸುರಿಯಬೇಡಿ. ಸ್ಪ್ರೇಯರ್ ತೊಳೆದ ನೀರಿನ ವಿಷಯದಲ್ಲಿ ಮಾತ್ರ ಈ ವಿಜ್ಞಾನಕ್ಕೆ ಹೇಳಲು ಏನೋ ಇದೆ, ಆದರೆ ಅಲ್ಲಿಯೂ ಸಡಿಲ ಪುಡಿಯ ರೂಪದಲ್ಲಿ ಅಲ್ಲ. ಹಾಗೆಂದು ನಿಮ್ಮ ತಂಗಿಯ ಮಗಳ ಮಾತು ತಪ್ಪಲ್ಲ. ಆಕೆ ಹೇಳಿದ ವಿಜ್ಞಾನ ನಿಜ, ಡೇರಿಯ ಮುಂದೆ ನಿಂತು ಮಾರಿದ ಭರವಸೆ ನಿಜವಲ್ಲ.

ಮೊದಲು ವಿಜ್ಞಾನದ ಮಾತು. ಕಿಣ್ವಗಳು ಜೀವಕೋಶಗಳಲ್ಲಿ ರಾಸಾಯನಿಕ ಕ್ರಿಯೆಗಳನ್ನು ನಡೆಸುವ ಪ್ರೋಟೀನುಗಳು. ನಮ್ಮ ರಕ್ತದಲ್ಲೂ ಆಲೂಗಡ್ಡೆಯಲ್ಲೂ ಇರುವ ಕ್ಯಾಟಲೇಸ್ ಎಂಬ ಕಿಣ್ವದ ಒಂದೇ ಅಣು ಸೆಕೆಂಡಿಗೆ ಕೋಟಿಯ ಲೆಕ್ಕದಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಅಣುಗಳನ್ನು ಒಡೆಯಬಲ್ಲದು. ಆದರೆ ಪ್ರೋಟೀನು ಶಾಖಕ್ಕೆ ಕೆಡುತ್ತದೆ, ಆಮ್ಲಕ್ಕೆ ಕೆಡುತ್ತದೆ, ಶುದ್ಧೀಕರಿಸಿ ಇಟ್ಟುಕೊಳ್ಳಲು ದುಬಾರಿ. ಲೋಹ ಅಥವಾ ಲೋಹದ ಆಕ್ಸೈಡುಗಳ ಅತಿಸೂಕ್ಷ್ಮ ಕಣಗಳೂ, ಎಂದರೆ ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಸಿಗುವ ನ್ಯಾನೋಮೀಟರಿನ ಅಳತೆಯಲ್ಲಿ 1ರಿಂದ 100ರವರೆಗಿನ ಕಣಗಳೂ, ಕಿಣ್ವದಂತೆಯೇ ಕೆಲಸ ಮಾಡಬಹುದೆಂದು ಈ ಶತಮಾನದ ಮೊದಲ ದಶಕದಲ್ಲಿ ಗೊತ್ತಾಯಿತು. 2004ರಲ್ಲಿ ಇಟಲಿಯ ಪಾವ್ಲೊ ಸ್ಕ್ರಿಮಿನ್ ಅವರ ತಂಡ ಚಿನ್ನದ ನ್ಯಾನೋಕಣಗಳ ಮೇಲೆ ಕೆಲಸ ಮಾಡುತ್ತ ‘ನ್ಯಾನೋಜೈಮ್’, ಎಂದರೆ ನ್ಯಾನೋ ಕಿಣ್ವ, ಎಂಬ ಹೆಸರನ್ನು ಬಳಕೆಗೆ ತಂದಿತು. 2007ರಲ್ಲಿ ಚೀನಾದ ಯಾನ್ ಶಿಯುನ್ ಅವರ ತಂಡ, ಮ್ಯಾಗ್ನೆಟೈಟ್ ಎಂಬ ಸಾಮಾನ್ಯ ಕಬ್ಬಿಣದ ಆಕ್ಸೈಡಿನ ಕಣಗಳೇ, ಪೆರಾಕ್ಸೈಡ್ ಬಳಸಿ ಬೇರೆ ವಸ್ತುಗಳನ್ನು ಆಕ್ಸೀಕರಿಸುವ ಪೆರಾಕ್ಸಿಡೇಸ್ ಕಿಣ್ವದ ಕೆಲಸ ಮಾಡುತ್ತವೆ ಎಂದು ತೋರಿಸಿದ ಮೇಲೆ ಈ ಕ್ಷೇತ್ರ ವೇಗವಾಗಿ ಬೆಳೆಯಿತು. ನಮಗೆ ಹತ್ತಿರದ ಉದಾಹರಣೆ ಬೇಕೆಂದರೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಮುಗೇಶ್ ಅವರ ತಂಡ 2014ರಲ್ಲಿ ವೆನೇಡಿಯಂ ಪೆಂಟಾಕ್ಸೈಡಿನ ನ್ಯಾನೋತಂತಿಗಳು ಜೀವಕೋಶವನ್ನು ಕಾಯುವ ಗ್ಲುಟಾಥಯೋನ್ ಪೆರಾಕ್ಸಿಡೇಸ್ ಕಿಣ್ವದಂತೆ ವರ್ತಿಸುತ್ತವೆ ಎಂದು ಪ್ರಕಟಿಸಿತು.

ಬೆಳಕಿನ ಪಾತ್ರಕ್ಕೆ ಬೇರೆಯದೇ ಚರಿತ್ರೆಯಿದೆ. ಜಪಾನಿನ ಅಕಿರಾ ಫುಜಿಶಿಮಾ ಮತ್ತು ಕೆನಿಚಿ ಹೋಂಡಾ ಅವರು 1972ರಲ್ಲಿ ಟೈಟಾನಿಯಂ ಡೈಆಕ್ಸೈಡಿನ ಮೇಲೆ ಬೆಳಕು ಬಿಟ್ಟು ನೀರನ್ನು ಹೈಡ್ರೋಜನ್ ಮತ್ತು ಆಮ್ಲಜನಕವಾಗಿ ಒಡೆಯಬಹುದೆಂದು ತೋರಿಸಿದರು. ಇಂತಹ ಅರೆವಾಹಕ ಕಣದ ಮೇಲೆ ತಕ್ಕ ಶಕ್ತಿಯ ಬೆಳಕು ಬಿದ್ದರೆ ಒಳಗಿನ ಒಂದು ಎಲೆಕ್ಟ್ರಾನು ತನ್ನ ಜಾಗ ಬಿಟ್ಟು ಮೇಲಿನ ಮಟ್ಟಕ್ಕೆ ಏರುತ್ತದೆ, ಅದು ಬಿಟ್ಟ ಜಾಗ ಖಾಲಿಯಾಗಿ ಉಳಿಯುತ್ತದೆ. ಮೇಲೆ ಹೋದ ಎಲೆಕ್ಟ್ರಾನನ್ನು ನೀರಿನಲ್ಲಿ ಕರಗಿದ ಆಮ್ಲಜನಕ ಹಿಡಿದುಕೊಂಡು ಸೂಪರಾಕ್ಸೈಡ್ ಎಂಬ ಚುರುಕಿನ ರೂಪ ತಾಳುತ್ತದೆ. ಖಾಲಿ ಜಾಗವು ಪಕ್ಕದ ನೀರಿನಿಂದಲೋ ಸಾವಯವ ವಸ್ತುವಿನಿಂದಲೋ ಎಲೆಕ್ಟ್ರಾನನ್ನು ಕಿತ್ತುಕೊಳ್ಳುತ್ತದೆ. ಆಗ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ ಇನ್ನೂ ಉಗ್ರವಾದ ಕಣವೂ ಹುಟ್ಟಬಹುದು. ಒಂದು ವಸ್ತುವಿನಿಂದ ಎಲೆಕ್ಟ್ರಾನು ತೆಗೆದು ಆಮ್ಲಜನಕಕ್ಕೆ ಕೊಡುವುದು ಜೀವಿಗಳಲ್ಲಿ ಆಕ್ಸಿಡೇಸ್ ಎಂಬ ಕಿಣ್ವಗಳ ಕಸುಬು. ಬೆಳಕು ಬಿದ್ದಾಗ ಅದೇ ಕಸುಬನ್ನು ಮಾಡುವ ಈ ಕಣಗಳನ್ನು ಬೆಳಕಿನಿಂದ ನಡೆಯುವ ಆಕ್ಸಿಡೇಸ್ ಅನುಕರಣೆಗಳೆಂದು ಕರೆಯುತ್ತಾರೆ. ಇವುಗಳಿಗೆ ದೊಡ್ಡ ಅನುಕೂಲವೊಂದಿದೆ: ಕಬ್ಬಿಣದ ಕಣಗಳ ಪೆರಾಕ್ಸಿಡೇಸ್ ಕೆಲಸಕ್ಕೆ ಹೈಡ್ರೋಜನ್ ಪೆರಾಕ್ಸೈಡನ್ನು ಹೊರಗಿನಿಂದ ಹಾಕುತ್ತಲೇ ಇರಬೇಕು, ಇವುಗಳಿಗೆ ಗಾಳಿಯ ಆಮ್ಲಜನಕವೇ ಸಾಕು. ಬೆಳಕನ್ನು ಮರೆಮಾಡಿದರೆ ಕೆಲಸ ನಿಲ್ಲುತ್ತದೆ ಎಂಬುದು ಪ್ರಯೋಗಾಲಯದಲ್ಲಿ ಬಹಳ ಉಪಯುಕ್ತವಾದ ಗುಣ.

ಪ್ರಕೃತಿಯಲ್ಲಿ ಬೆಳಕಿನಿಂದಲೇ ನಡೆಯುವ ಕಿಣ್ವಗಳು ಬಹಳ ಅಪರೂಪ. ಸೂರ್ಯನ ಅತಿನೇರಳೆ ಕಿರಣದಿಂದ ಹಾನಿಗೊಂಡ ಡಿಎನ್‌ಎಯನ್ನು ಸರಿಪಡಿಸುವ ಫೋಟೋಲಯೇಸ್ ಒಂದು. ಹೂಬಿಡುವ ಸಸ್ಯಗಳಲ್ಲಿ ಪತ್ರಹರಿತ್ತು ತಯಾರಾಗುವ ದಾರಿಯ ಒಂದು ಹಂತವನ್ನು ಬೆಳಕಿನಲ್ಲಿ ಮಾತ್ರ ಮುಗಿಸುವ ಕಿಣ್ವ ಇನ್ನೊಂದು; ಕತ್ತಲೆಯಲ್ಲಿ ಮೊಳೆತ ಸಸಿ ಹಳದಿಯಾಗಿದ್ದು ಬಿಸಿಲು ಕಂಡ ಮೇಲೆ ಹಸಿರಾಗುವುದು ಇದರಿಂದಲೇ. ಸೂಕ್ಷ್ಮ ಪಾಚಿಗಳಲ್ಲಿ ಕೊಬ್ಬಿನಾಮ್ಲವನ್ನು ಒಡೆಯುವ ಮತ್ತೊಂದು ಕಿಣ್ವ 2017ರಲ್ಲಿ ವರದಿಯಾಯಿತು. ಹಾಗಾಗಿ ‘ಪ್ರಕೃತಿ ಮಾಡುವುದನ್ನೇ ನಮ್ಮ ಪುಡಿ ಮಾಡುತ್ತದೆ’ ಎಂಬ ಮಾರಾಟದ ಮಾತನ್ನು ಒಪ್ಪುವುದು ಕಷ್ಟ. ನಿಜವಾದ ಕಿಣ್ವ ತನಗೆ ಬೇಕಾದ ಅಣುವನ್ನು ಮಾತ್ರ ಆರಿಸಿ ಹಿಡಿಯುತ್ತದೆ. ಈ ಕಣಗಳಿಗೆ ಅಂತಹ ಆಯ್ಕೆ ಬಹುಮಟ್ಟಿಗೆ ಇಲ್ಲ, ಮೇಲ್ಮೈಗೆ ಯಾವುದು ಹತ್ತಿರ ಬಂದರೂ ಅದನ್ನು ಆಕ್ರಮಿಸುತ್ತವೆ.

ಈಗ ಫ್ಲೋರೈಡಿಗೆ ಬರೋಣ, ಏಕೆಂದರೆ ನಿಮ್ಮ ಮನೆಯ ಆರೋಗ್ಯಕ್ಕೆ ಸಂಬಂಧಿಸಿದ ಪ್ರಶ್ನೆ ಅದೇ. ನಮ್ಮ ಜಿಲ್ಲೆಯ ನೆಲದಡಿಯ ಗ್ರಾನೈಟ್ ಮತ್ತು ನೈಸ್ ಬಂಡೆಗಳಲ್ಲಿ ಅಪಟೈಟ್, ಬಯೊಟೈಟ್‌ನಂತಹ ಫ್ಲೋರೈಡ್ ಇರುವ ಖನಿಜಗಳಿವೆ. ಆಳದ ಬಿರುಕುಗಳಲ್ಲಿ ದೀರ್ಘಕಾಲ ನಿಂತ ನೀರು ಬೈಕಾರ್ಬನೇಟಿನಿಂದ ಕ್ಷಾರೀಯವಾಗಿ, ಅದರಲ್ಲಿನ ಕ್ಯಾಲ್ಸಿಯಂ ಕಡಿಮೆಯಾದಾಗ, ಬಂಡೆಯ ಫ್ಲೋರೈಡ್ ಹೆಚ್ಚಾಗಿ ಕರಗಿ ಬರುತ್ತದೆ. ಕೊಳವೆ ಬಾವಿಗಳನ್ನು ಆಳಕ್ಕೆ ಕೊರೆದಷ್ಟೂ ಈ ಹಳೆಯ ನೀರು ಸಿಗುವ ಸಂಭವ ಹೆಚ್ಚು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ನಿಮ್ಮದು 2.6. ಮಕ್ಕಳ ಹಲ್ಲಿನ ಮೇಲೆ ಕಲೆ ಮೂಡಿಸಲು ಇಷ್ಟು ಸಾಕು, ವರ್ಷಗಟ್ಟಲೆ ಕುಡಿದರೆ ಮೂಳೆಗೂ ತೊಂದರೆಯಾಗಬಹುದು.

ಫ್ಲೋರೈಡ್ ಎಂಬುದು ಫ್ಲೋರಿನ್ ಎಂಬ ಮೂಲವಸ್ತುವಿನ ಅಯಾನು, ಎಂದರೆ ವಿದ್ಯುದಾವೇಶ ಹೊತ್ತ ರೂಪ. ಬೆಳಕಿನ ಕಿಣ್ವವಾಗಲಿ, ಅಸಲಿ ಕಿಣ್ವವಾಗಲಿ, ಅಣುಗಳ ನಡುವಿನ ಬಂಧಗಳನ್ನು ಒಡೆಯಬಲ್ಲದೇ ಹೊರತು ಒಂದು ಮೂಲವಸ್ತುವನ್ನು ಇಲ್ಲದಂತೆ ಮಾಡಲಾರದು. ಕೀಟನಾಶಕ ಔಷಧಿಯ ಅಣುವನ್ನು ಒಡೆದು ಕೊನೆಗೆ ಇಂಗಾಲದ ಡೈಆಕ್ಸೈಡ್ ಮಾಡಬಹುದು. ಫ್ಲೋರೈಡನ್ನು ಒಡೆದು ಮಾಡಲು ಏನೂ ಇಲ್ಲ. ಕಾಯಿಸಿದರೆ ಹೋಗುತ್ತದೆ ಎಂಬ ನಂಬಿಕೆಯೂ ಇದೇ ಕಾರಣಕ್ಕೆ ತಪ್ಪು: ಕಾಯಿಸಿದಾಗ ನೀರು ಆವಿಯಾಗಿ ಉಳಿದದ್ದರಲ್ಲಿ ಫ್ಲೋರೈಡಿನ ಪ್ರಮಾಣ ಸ್ವಲ್ಪ ಏರುತ್ತದೆ. ಲವಣ, ಗಡಸುತನ, ನೈಟ್ರೇಟುಗಳ ವಿಷಯದಲ್ಲೂ ಈ ಪುಡಿ ನಿಮಗೆ ಏನೂ ಮಾಡಿಕೊಡುವುದಿಲ್ಲ. ನೈಟ್ರೇಟಿನಲ್ಲಂತೂ ಉಲ್ಟಾ ಆಗಬಹುದು. ನೀರಿನಲ್ಲಿರುವ ಅಮೋನಿಯ ಮತ್ತು ಸಾವಯವ ಸಾರಜನಕ ಆಕ್ಸೀಕರಣಗೊಂಡು ಕೊನೆಗೆ ನೈಟ್ರೇಟೇ ಆಗುವ ದಾರಿಯಿದೆ.

ಮಾರುವವರು ನಿಮ್ಮ ಎದುರಿಗೇ ಫ್ಲೋರೈಡ್ ಇಳಿದ ವರದಿಯನ್ನು ತೋರಿಸಬಹುದು, ಮತ್ತು ಆ ವರದಿ ಸುಳ್ಳಾಗಿರಬೇಕೆಂದೇನೂ ಇಲ್ಲ. ಸೀರಿಯಂ, ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡುಗಳ ಮೇಲ್ಮೈಗೆ ಫ್ಲೋರೈಡ್ ಅಂಟಿಕೊಳ್ಳುತ್ತದೆ. ಅದು ಹೀರಿಕೆ, ಕಿಣ್ವದಂತೆ ಕ್ರಿಯೆಯನ್ನು ಚುರುಕುಗೊಳಿಸುವ ವೇಗವರ್ಧನೆ ಅಲ್ಲ. ಬಿಸಿಲಿಗೂ ಅದಕ್ಕೂ ಸಂಬಂಧವಿಲ್ಲ. ಮೇಲ್ಮೈ ತುಂಬಿದೊಡನೆ ಹೀರುವುದು ನಿಲ್ಲುತ್ತದೆ, ಆದ್ದರಿಂದ ‘ಸವೆಯುವುದೇ ಇಲ್ಲ’ ಎಂಬ ಮಾತು ಅಲ್ಲಿಗೇ ಮುರಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಫ್ಲೋರೈಡ್ ಹೊತ್ತ ಆ ಕಣಗಳು ಬಟ್ಟೆಯಲ್ಲಿ ಸೋಸಿದರೂ ನಿಲ್ಲದಷ್ಟು ಸಣ್ಣವಾಗಿ ನೀರಿನಲ್ಲೇ ತೇಲುತ್ತಿದ್ದರೆ, ನೀವು ಕುಡಿಯುವುದು ಅದನ್ನೇ. ಇನ್ನೊಂದು ವಿಚಿತ್ರವೂ ಇದೆ. ಸೀರಿಯಂ ಆಕ್ಸೈಡಿನ ನ್ಯಾನೋಕಣಕ್ಕೆ ಫ್ಲೋರೈಡ್ ಅಂಟಿದರೆ ಅದರ ಆಕ್ಸಿಡೇಸ್ ಕೆಲಸ ಬಹಳ ಚುರುಕಾಗುತ್ತದೆ ಎಂದು 2016ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿದೆ. ಇದನ್ನು ಫ್ಲೋರೈಡ್ ಪತ್ತೆಗೆ ಬಳಸಬಹುದು, ನಿವಾರಣೆಗೆ ಅಲ್ಲ. ಫ್ಲೋರೈಡ್ ಇರುವ ನೀರಿನಲ್ಲೇ ಬಣ್ಣದ ಪ್ರದರ್ಶನ ಇನ್ನಷ್ಟು ಸೊಗಸಾಗಿ ಕಾಣುವ ಸಾಧ್ಯತೆಯಿದೆ ಎಂದು ಇದರಿಂದ ನಿಮಗೆ ಅರ್ಥವಾಗಬಹುದು.

ನೀಲಿ ಬಣ್ಣ ಮಾಯವಾದದ್ದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಇಂತಹ ಪ್ರದರ್ಶನಗಳಲ್ಲಿ ಬಳಸುವುದು ಸಾಮಾನ್ಯವಾಗಿ ಮೆಥಿಲೀನ್ ಬ್ಲೂ ಎಂಬ ಬಣ್ಣ. ಅದು ನಾಲ್ಕು ಕಾರಣಗಳಿಂದ ಮಾಯವಾಗಬಹುದು. ಬಣ್ಣದ ಅಣು ಪುಡಿಗೆ ಅಂಟಿಕೊಂಡು ತಳಕ್ಕೆ ಕೂತಿರಬಹುದು. ಬಣ್ಣ ತಾನೇ ಬೆಳಕನ್ನು ಹೀರಿ ತಾನೇ ಕೆಟ್ಟಿರಬಹುದು. ಎಲೆಕ್ಟ್ರಾನು ಪಡೆದು ಬಣ್ಣವಿಲ್ಲದ ರೂಪಕ್ಕೆ ತಿರುಗಿರಬಹುದು. ಆಗ ಗಾಳಿ ಸೇರುವಂತೆ ಬಾಟಲಿಯನ್ನು ಕುಲುಕಿದರೆ ನೀಲಿ ಮರಳಿ ಬರುತ್ತದೆ. ಕೊನೆಯದಾಗಿ, ಮಾರುವವರು ಹೇಳಿದಂತೆ ಅಣು ನಿಜವಾಗಿಯೂ ಒಡೆದಿರಬಹುದು. ಕಣ್ಣಿಗೆ ನಾಲ್ಕೂ ಒಂದೇ. ನಮ್ಮಲ್ಲಿ ವಿದ್ಯಾರ್ಥಿಗಳು ಇಂತಹ ಫಲಿತಾಂಶ ತಂದರೆ ಮೊದಲು ಕೇಳುವುದು ಕತ್ತಲೆಯಲ್ಲಿಟ್ಟ ಬಾಟಲಿ ಎಲ್ಲಿ ಎಂದು. ನೀವೂ ಅದನ್ನೇ ಕೇಳಬಹುದು. ಒಂದೇ ಅಳತೆಯ ನೀಲಿ ನೀರನ್ನು ಮೂರು ಬಾಟಲಿಗೆ ತುಂಬಿ, ಒಂದಕ್ಕೆ ಪುಡಿ ಹಾಕಿ ಬಿಸಿಲಿಗೆ, ಇನ್ನೊಂದಕ್ಕೆ ಪುಡಿ ಹಾಕಿ ಕಪ್ಪು ಬಟ್ಟೆ ಸುತ್ತಿ ಅದೇ ಬಿಸಿಲಿಗೆ, ಮೂರನೆಯದಕ್ಕೆ ಪುಡಿಯೇ ಹಾಕದೆ ಬಿಸಿಲಿಗೆ ಇಡಲಿ. ಬಟ್ಟೆ ಸುತ್ತಿದ ಬಾಟಲಿಯೂ ತಿಳಿಯಾದರೆ ಅದು ಹೀರಿಕೆ. ಪುಡಿಯಿಲ್ಲದ್ದೂ ತಿಳಿಯಾದರೆ ಅದು ಬಿಸಿಲಿನ ಕೆಲಸ. ಮೊದಲನೆಯದು ಮಾತ್ರ ತಿಳಿಯಾದರೂ ಗೊತ್ತಾಗುವುದು ಇಷ್ಟೇ: ಈ ಪುಡಿ ಬಿಸಿಲಿನಲ್ಲಿ ಆ ಬಣ್ಣವನ್ನು ಕೆಡಿಸುತ್ತದೆ. ನಿಮ್ಮ ಕೊಳವೆ ಬಾವಿಯಲ್ಲಿ ಮೆಥಿಲೀನ್ ಬ್ಲೂ ಇಲ್ಲವಲ್ಲ.

ಶುದ್ಧ ನೀರಿನಲ್ಲಿ ನಡೆದದ್ದು ನಮ್ಮ ನೀರಿನಲ್ಲಿ ಅಷ್ಟೇ ಚೆನ್ನಾಗಿ ನಡೆಯುವುದಿಲ್ಲ ಎಂಬುದಕ್ಕೆ ನಿಮ್ಮ ವರದಿಯಲ್ಲೇ ಕಾರಣಗಳಿವೆ. ಕ್ಷಾರೀಯತೆ 380 ಎಂದರೆ ಬೈಕಾರ್ಬನೇಟ್ ಧಾರಾಳವಾಗಿದೆ. ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟಿದರೂ ಅದರ ಒಂದು ದೊಡ್ಡ ಪಾಲನ್ನು ಬೈಕಾರ್ಬನೇಟೇ ತಿಂದುಹಾಕುತ್ತದೆ. ಮ್ಯಾಗ್ನೆಟೈಟ್ ಕಣದ ಪೆರಾಕ್ಸಿಡೇಸ್ ಕೆಲಸ 2007ರ ಆ ಪ್ರಯೋಗಗಳಲ್ಲಿ ಅತ್ಯಂತ ಚುರುಕಾಗಿದ್ದದ್ದು ಪಿಎಚ್ 3.5ರ ಆಸುಪಾಸಿನಲ್ಲಿ, ಎಂದರೆ ಹುಣಸೆಹುಳಿಯ ನೀರಿನಷ್ಟು ಆಮ್ಲೀಯತೆಯಲ್ಲಿ, ನಿಮ್ಮ 7.8ರಲ್ಲಿ ಅದು ಬಹಳ ಮಂದ. ಟೈಟಾನಿಯಂ ಡೈಆಕ್ಸೈಡಿಗೆ ಬೇಕಾದದ್ದು ಸುಮಾರು 390 ನ್ಯಾನೋಮೀಟರಿಗಿಂತ ಕಡಿಮೆ ತರಂಗಾಂತರದ ಅತಿನೇರಳೆ ಬೆಳಕು, ಬಿಸಿಲಿನಲ್ಲಿ ಅದರ ಪಾಲು ಶೇಕಡಾ 5ರ ಆಸುಪಾಸು. ಪಾವಗಡದಲ್ಲಿ 2,050 ಮೆಗಾವಾಟಿನ ಸೌರ ಪಾರ್ಕ್ ನಡೆಸುವಷ್ಟು ಬಿಸಿಲು ನಮ್ಮ ಭಾಗದಲ್ಲಿದ್ದರೂ ಅದರ ಬಹುಪಾಲು ಈ ವಸ್ತುವಿಗೆ ಪ್ರಯೋಜನಕ್ಕೆ ಬಾರದು. ಅದಕ್ಕಾಗಿಯೇ ಕಣ್ಣಿಗೆ ಕಾಣುವ ಬೆಳಕನ್ನೂ ಬಳಸಿಕೊಳ್ಳುವ ಕಾರ್ಬನ್ ನೈಟ್ರೈಡಿನಂತಹ ವಸ್ತುಗಳ ಹುಡುಕಾಟ ನಡೆದಿದೆ. ಹಸಿರುಗಟ್ಟಿದ ಕೆರೆಯ ನೀರಿನಲ್ಲಂತೂ ಪಾಚಿಯೂ ಕೆಸರೂ ಬೆಳಕನ್ನು ಮೇಲಿನ ಪದರದಲ್ಲೇ ಹಿಡಿದುಬಿಡುತ್ತವೆ, ತಳಕ್ಕೆ ಕೂತ ಪುಡಿಗೆ ಕತ್ತಲೆಯೇ ಗತಿ. ಅಲ್ಲದೆ ಗಡಸು ನೀರಿನಲ್ಲಿ ಕಣಗಳ ಮೇಲೆ ಸುಣ್ಣದ ಪದರ ಕಟ್ಟುತ್ತದೆ.

ಸ್ಪ್ರೇಯರ್ ತೊಳೆದ ನೀರಿನ ವಿಷಯ ಬೇರೆ. ಅಲ್ಲಿರುವುದು ಒಡೆಯಬಹುದಾದ ಸಾವಯವ ಅಣುಗಳು. ಬಿಸಿಲಿನಲ್ಲಿ ಕಬ್ಬಿಣ ಮತ್ತು ಪೆರಾಕ್ಸೈಡ್ ಬಳಸಿ ಕೀಟನಾಶಕದ ನೀರನ್ನು ಸಂಸ್ಕರಿಸುವ ಬಗ್ಗೆ ಸ್ಪೇನಿನ ಅಲ್ಮೇರಿಯಾದ ಸೌರ ಸಂಶೋಧನಾ ಕೇಂದ್ರದಲ್ಲಿ ದೀರ್ಘಕಾಲದ ಕೆಲಸ ನಡೆದಿದೆ. ಅಲ್ಲಿ ಆ ಕೆಲಸ ನಡೆಯುವುದು ನೀರನ್ನು ಕೊಳವೆಗಳಲ್ಲಿ ಹರಿಸುತ್ತ, ಆಮ್ಲೀಯತೆಯನ್ನು ಹಿಡಿತದಲ್ಲಿಟ್ಟು, ಒಡೆದ ಚೂರುಗಳನ್ನು ಅಳೆಯುತ್ತ. ಅಳೆಯುವುದು ಏಕೆ ಮುಖ್ಯವೆಂದರೆ, ಅರ್ಧಕ್ಕೆ ನಿಂತ ಆಕ್ಸೀಕರಣ ಕೆಲವೊಮ್ಮೆ ಮೂಲ ವಿಷಕ್ಕಿಂತ ಕೆಟ್ಟದ್ದನ್ನು ಹುಟ್ಟಿಸುತ್ತದೆ. ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕವನ್ನೇ ನೋಡಿ. ಅದರ ರಂಜಕಕ್ಕೆ ಅಂಟಿದ ಗಂಧಕದ ಜಾಗಕ್ಕೆ ಆಮ್ಲಜನಕ ಬಂದು ಕೂತರೆ ಆಕ್ಸಾನ್ ಎಂಬ ರೂಪವಾಗುತ್ತದೆ, ಮತ್ತು ನರಗಳಿಗೆ ಬೇಕಾದ ಕೋಲಿನೆಸ್ಟರೇಸ್ ಕಿಣ್ವವನ್ನು ತಡೆಯುವುದರಲ್ಲಿ ಈ ಆಕ್ಸಾನ್ ಮೂಲ ಔಷಧಿಗಿಂತ ಬಹಳ ಪ್ರಬಲ. ಆಗಲೂ ನೀರು ತಿಳಿಯಾಗಿಯೇ ಕಾಣುತ್ತದೆ, ವಾಸನೆಯೂ ಕಡಿಮೆಯಾಗಿರಬಹುದು. ಶುದ್ಧವಾಯಿತೆಂದು ಅದನ್ನು ಕುರಿಗಳಿಗೆ ಬಿಟ್ಟರೆ ಅನಾಹುತ.

ನಿಮ್ಮ ತಮ್ಮನ ಮಾತಿಗೆ ಬಂದರೆ, ನ್ಯಾನೋ ಎಂದ ಮಾತ್ರಕ್ಕೆ ವಿಷವಲ್ಲ. ಜೇಡಿಮಣ್ಣಿನಲ್ಲೂ ಒಲೆಯ ಹೊಗೆಯಲ್ಲೂ ಆ ಗಾತ್ರದ ಕಣಗಳಿವೆ. ಕಣ ಯಾವ ವಸ್ತುವಿನದು, ಕರಗಿ ಲೋಹ ಬಿಡುತ್ತದೆಯೇ, ಎಷ್ಟು ದಿನ ಎಷ್ಟು ಪ್ರಮಾಣದಲ್ಲಿ ಒಳಗೆ ಹೋಗುತ್ತದೆ ಎಂಬುದರ ಮೇಲೆ ಅಪಾಯ ನಿಂತಿದೆ. ಆದರೆ ತೊಟ್ಟಿಯ ಬಗ್ಗೆ ಅವರು ಕೊಟ್ಟ ಎಚ್ಚರಿಕೆಯನ್ನು ನಾನು ಪೂರ್ತಿ ಒಪ್ಪುತ್ತೇನೆ. ಹಸು, ಕುರಿಗಳ ಜೀರ್ಣಕ್ರಿಯೆ ಅವುಗಳ ದೊಡ್ಡ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳಿಂದ ನಡೆಯುತ್ತದೆ. ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ ಎಂದು ಹೊಗಳಿ ಮಾರುವ ಪುಡಿಯನ್ನು ದಿನವೂ ಅಲ್ಲಿಗೆ ಕಳಿಸುವುದು ವಿವೇಕವಲ್ಲ. ಪುಡಿಯಲ್ಲಿ ತಾಮ್ರವಿದ್ದರೆ ಕುರಿಗಳಿಗೆ ವಿಶೇಷ ಅಪಾಯ. ತಾಮ್ರ ಕುರಿಯ ಯಕೃತ್ತಿನಲ್ಲಿ ಸದ್ದಿಲ್ಲದೆ ಕೂಡಿಕೊಂಡು ಒಂದು ದಿನ ಇದ್ದಕ್ಕಿದ್ದಂತೆ ಪ್ರಾಣ ತೆಗೆಯಬಲ್ಲದು ಎಂಬುದು ಪಶುವೈದ್ಯರಿಗೆಲ್ಲ ಗೊತ್ತಿರುವ ವಿಷಯ. ‘ಕಿಣ್ವ’ ಎಂಬ ಹೆಸರಿದೆ, ಆದ್ದರಿಂದ ಸಹಜ, ಆದ್ದರಿಂದ ನಿರಪಾಯ ಎಂಬ ವಾದಕ್ಕೂ ಬೆಲೆಯಿಲ್ಲ. ಇಂತಹ ಪುಡಿ ಸಾಮಾನ್ಯವಾಗಿ ಲೋಹದ್ದೋ ಲೋಹದ ಆಕ್ಸೈಡಿನದ್ದೋ ಆಗಿರುತ್ತದೆ, ಪ್ರೋಟೀನಲ್ಲ.

ಹಾಗಾದರೆ ಕುಡಿಯುವ ನೀರಿಗೆ ಏನು ಮಾಡಬೇಕು? ನಿಮ್ಮ ವರದಿಯಲ್ಲಿ ಫ್ಲೋರೈಡಿನ ಜೊತೆಗೆ ನೈಟ್ರೇಟೂ 45ರ ಮಿತಿಯನ್ನು ದಾಟಿರುವುದನ್ನು ಮರೆಯಬಾರದು. ಬಾಟಲಿ ಹಾಲು ಕುಡಿಯುವ ಹಸುಗೂಸು ಮನೆಯಲ್ಲಿದ್ದರೆ ಇದು ಇನ್ನೂ ಮುಖ್ಯ. ಸುಣ್ಣ ಮತ್ತು ಪಟಿಕ ಹಾಕಿ ಫ್ಲೋರೈಡನ್ನು ತಳಕ್ಕಿಳಿಸುವ ನಲ್ಗೊಂಡ ವಿಧಾನ ಅಗ್ಗ, ನಮ್ಮ ದೇಶದ ‘ನೀರಿ’ (ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ) ರೂಪಿಸಿದ್ದು. ಆದರೆ ಅಳತೆ ತಪ್ಪಿದರೆ ಅಲ್ಯೂಮಿನಿಯಂ ನೀರಿನಲ್ಲಿ ಉಳಿಯುತ್ತದೆ, ಕೆಸರು ವಿಲೇವಾರಿಯ ಕಷ್ಟವಿದೆ, ನೈಟ್ರೇಟ್ ಹೋಗುವುದಿಲ್ಲ. ಆಕ್ಟಿವೇಟೆಡ್ ಅಲ್ಯೂಮಿನ ತುಂಬಿದ ಫಿಲ್ಟರು ಫ್ಲೋರೈಡನ್ನು ಚೆನ್ನಾಗಿ ಹಿಡಿಯುತ್ತದೆ, ಆದರೆ ಅದರ ಶಕ್ತಿ ಹೆಚ್ಚಿರುವುದು ಪಿಎಚ್ 5.5ರಿಂದ 6ರ ನಡುವೆ. ನಿಮ್ಮ ಕ್ಷಾರೀಯ ನೀರಿನಲ್ಲಿ ಬೇಗ ತುಂಬಿಹೋಗುತ್ತದೆ, ಕ್ಷಾರ ಮತ್ತು ಆಮ್ಲದಿಂದ ಮತ್ತೆ ಮತ್ತೆ ತೊಳೆಯಬೇಕು, ನೈಟ್ರೇಟಿಗೆ ಅದೂ ಕೆಲಸಕ್ಕೆ ಬಾರದು. ಇವೆರಡನ್ನೂ ನಿಮಗೆ ನಾನು ಮೊದಲ ಆಯ್ಕೆಯಾಗಿ ಹೇಳಲಾರೆ.

ಫ್ಲೋರೈಡ್, ನೈಟ್ರೇಟ್, ಲವಣ ಮೂರನ್ನೂ ಇಳಿಸುವುದು ಆರ್‌ಓ, ಎಂದರೆ ಮೆಂಬ್ರೇನು ಎಂಬ ಸೂಕ್ಷ್ಮ ಪೊರೆಯ ಮೂಲಕ ನೀರನ್ನು ಒತ್ತಡದಿಂದ ಸೋಸುವ ವಿಧಾನ. ಊರಿನಲ್ಲಿ ಶುದ್ಧ ಕುಡಿಯುವ ನೀರಿನ ಘಟಕವಿದ್ದರೆ ಕುಡಿಯಲು ಮತ್ತು ಅಡುಗೆಗೆ ಅದೇ ನೀರನ್ನು ಬಳಸಿ. ಅಡುಗೆಯನ್ನು ಬಿಡಬೇಡಿ, ಸಾರಿಗೂ ಮುದ್ದೆಗೂ ಹಾಕಿದ ನೀರಿನ ಫ್ಲೋರೈಡೂ ಹೊಟ್ಟೆಗೇ ಹೋಗುತ್ತದೆ. ಘಟಕವಿದೆ ಎಂದ ಮಾತ್ರಕ್ಕೆ ನಂಬಿ ಕೂರಬಾರದು. ಮೆಂಬ್ರೇನು ಹಳೆಯದಾದರೆ ನೀರಿನ ರುಚಿಯಲ್ಲಿ ವ್ಯತ್ಯಾಸ ಕಾಣದಿದ್ದರೂ ಫ್ಲೋರೈಡ್ ದಾಟಿ ಬರುತ್ತದೆ, ಆದ್ದರಿಂದ ಘಟಕದ ನೀರನ್ನೂ ಪರೀಕ್ಷೆ ಮಾಡಿಸಿ. ಅಲ್ಲಿಂದ ಹೊರಬೀಳುವ ತ್ಯಾಜ್ಯ ನೀರಿನಲ್ಲಿ ಫ್ಲೋರೈಡ್ ಮೂಲ ನೀರಿಗಿಂತ ಹೆಚ್ಚಿರುತ್ತದೆ, ಅದನ್ನು ದನದ ತೊಟ್ಟಿಗೆ ತಿರುಗಿಸುವ ರೂಢಿಯಿದ್ದರೆ ನಿಲ್ಲಿಸಬೇಕು. ದನಕರುಗಳಿಗೆ ಸಾಮಾನ್ಯವಾಗಿ ಹೇಳುವ ಮೇಲ್ಮಿತಿ ಲೀಟರಿಗೆ 2 ಮಿಲಿಗ್ರಾಂ. ನಿಮ್ಮ ಕೊಳವೆ ಬಾವಿ ಅದನ್ನೂ ದಾಟಿದೆ. ಎಳೆಗರುಗಳಿಗಾದರೂ ಬೇರೆ ನೀರು ಬೆರೆಸಿ ಕೊಡುವ ಏರ್ಪಾಡು ಮಾಡಿಕೊಳ್ಳಿ.

ನನಗೆ ಇದೆಲ್ಲಕ್ಕಿಂತ ಹಿಡಿಸುವುದು ಚಾವಣಿಯ ಮಳೆನೀರು. ನಮ್ಮಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ ಎಂದಿಟ್ಟುಕೊಂಡರೆ, 50 ಚದರ ಮೀಟರಿನ ತಾರಸಿಯ ಮೇಲೆ ಬೀಳುವುದು 35,000 ಲೀಟರ್. ಸೋರಿಕೆ, ಮೊದಲ ಮಳೆಯ ಕೊಳೆ ಎಂದು ಐದರಲ್ಲಿ ಒಂದು ಭಾಗ ಬಿಟ್ಟರೂ 28,000 ಲೀಟರ್ ಉಳಿಯುತ್ತದೆ. ಐದು ಜನರ ಮನೆಗೆ ಕುಡಿಯಲು ಮತ್ತು ಅಡುಗೆಗೆ ದಿನಕ್ಕೆ 25 ಲೀಟರ್ ಲೆಕ್ಕದಲ್ಲಿ ವರ್ಷಕ್ಕೆ ಬೇಕಾದದ್ದು ಸುಮಾರು 9,100 ಲೀಟರ್. ಇಲ್ಲಿ ಖರ್ಚಿರುವುದು ತೊಟ್ಟಿಗೆ, ಅಪಾಯವಿರುವುದು ಸೂಕ್ಷ್ಮಜೀವಿಗಳದ್ದು. ಮುಚ್ಚಳ ಭದ್ರವಾಗಿರಬೇಕು, ಮೊದಲ ಮಳೆಯನ್ನು ಹೊರಗೆ ಬಿಡಬೇಕು, ಕುಡಿಯುವ ನೀರನ್ನು ಕಾಯಿಸಬೇಕು. ಬಿಸಿಲನ್ನೇ ಬಳಸಬೇಕೆಂದಿದ್ದರೆ ಪುಡಿಯ ಹಂಗಿಲ್ಲದ ದಾರಿಯಿದೆ: ಬಣ್ಣವಿಲ್ಲದ ಪೆಟ್ ಪ್ಲಾಸ್ಟಿಕ್ ಬಾಟಲಿಯಲ್ಲಿ ತಿಳಿನೀರನ್ನು ತುಂಬಿ ಒಳ್ಳೆಯ ಬಿಸಿಲಿನಲ್ಲಿ 6 ಗಂಟೆ ಮಲಗಿಸಿಟ್ಟರೆ ಕಾಯಿಲೆ ತರುವ ಸೂಕ್ಷ್ಮಜೀವಿಗಳು ಬಹಳ ಮಟ್ಟಿಗೆ ಸಾಯುತ್ತವೆ, ಮೋಡವಿದ್ದರೆ ಎರಡು ದಿನ ಬೇಕು. ಇದು ಸೂಕ್ಷ್ಮಜೀವಿಗಳಿಗೆ ಮಾತ್ರ, ಫ್ಲೋರೈಡಿಗೆ ಅಲ್ಲ.

ಕೆರೆಯ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಕೆ.ಸಿ. ವ್ಯಾಲಿಯಿಂದ 2018ರಿಂದ ನಮ್ಮ ಕೆರೆಗಳಿಗೆ ಬರುತ್ತಿರುವುದು ಬೆಂಗಳೂರಿನ ಎರಡನೆಯ ಹಂತದವರೆಗೆ ಸಂಸ್ಕರಿಸಿದ ನೀರು, ಉದ್ದೇಶ ಅಂತರ್ಜಲ ಮರುಪೂರಣ. ಅದರಲ್ಲಿ ಉಳಿದ ಸಾರಜನಕ ಮತ್ತು ರಂಜಕವೇ ಪಾಚಿಗೆ ಗೊಬ್ಬರ. ಪುಡಿ ಸುರಿದು ಪಾಚಿ ಸತ್ತರೂ ಆ ಗೊಬ್ಬರ ಅಲ್ಲೇ ಇರುತ್ತದೆ, ಸತ್ತ ಪಾಚಿ ಕೊಳೆತು ಮೀನುಗಳಿಗೆ ಆಮ್ಲಜನಕವಿಲ್ಲದಂತಾಗುತ್ತದೆ, ಪುಡಿ ಹೂಳಿನಲ್ಲಿ ಸೇರುತ್ತದೆ, ನಾಳೆ ಆ ಹೂಳನ್ನೇ ನೀವು ಹೊಲಕ್ಕೆ ಹೊಡೆಯುತ್ತೀರಿ. ಕೆರೆ ಊರಿನ ಸ್ವತ್ತು. ಡೇರಿಯ ಸದಸ್ಯರು ಹಣ ಹಾಕಿದ ಮಾತ್ರಕ್ಕೆ ಅದಕ್ಕೆ ಏನನ್ನಾದರೂ ಸುರಿಯುವ ಅಧಿಕಾರ ಬರುವುದಿಲ್ಲ.

ಸ್ಪ್ರೇಯರಿಗೆ ಸುಲಭವಾದ ದಾರಿ, ಡಬ್ಬಿಯನ್ನೂ ಟ್ಯಾಂಕನ್ನೂ ಮೂರು ಸಲ ತೊಳೆದು ಆ ನೀರನ್ನು ಅದೇ ಬೆಳೆಯ ಮೇಲೆ ತೆಳುವಾಗಿ ಹೊಡೆದು ಮುಗಿಸುವುದು. ಹೆಚ್ಚು ನೀರು ಉಳಿಯುವುದಾದರೆ ಬಾವಿ ಮತ್ತು ಕಾಲುವೆಯಿಂದ ದೂರದಲ್ಲಿ, ತಳಕ್ಕೆ ನೀರಿಳಿಯದಂತೆ ಹಾಳೆ ಹಾಸಿ, ಹುಲ್ಲು, ಕೊಳೆತ ಗೊಬ್ಬರ, ಮಣ್ಣು ಬೆರೆಸಿ ತುಂಬಿದ ಗುಂಡಿಗೆ ಸುರಿಯಬಹುದು. ಮೊದಲು ಸ್ವೀಡನ್ನಿನಲ್ಲಿ ರೂಪುಗೊಂಡ ವಿಧಾನವಿದು. ಅಲ್ಲಿ ಕೆಲಸ ಮಾಡುವವು ಮಣ್ಣಿನ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳ ಅಸಲಿ ಕಿಣ್ವಗಳು. ನಿಧಾನ, ತಿಂಗಳುಗಳು ಬೇಕು, ಆದರೆ ಕೆಲಸ ಅರ್ಧಕ್ಕೆ ನಿಲ್ಲುವ ಭಯ ಕಡಿಮೆ.

ಇಷ್ಟು ಹೇಳಿದ ಮೇಲೆ ನಿಮ್ಮ ತಂಗಿಯ ಮಗಳ ಉತ್ಸಾಹವನ್ನು ಕುಗ್ಗಿಸಿದಂತೆ ಆಗಬಾರದು. ಈ ವಸ್ತುಗಳು ನಿಜವಾಗಿ ಹೊಂದುವ ಜಾಗ ಪತ್ತೆಯ ಕೆಲಸ ಎಂದು ನನ್ನ ಅಭಿಪ್ರಾಯ. ಟಿಎಂಬಿ ಎಂಬ ಬಣ್ಣವಿಲ್ಲದ ರಾಸಾಯನಿಕವನ್ನು ಆಕ್ಸೀಕರಿಸಿದರೆ ನೀಲಿ ಬರುತ್ತದೆ. ನೀಲಿಯ ಗಾಢತೆಯಿಂದ ಪೆರಾಕ್ಸೈಡ್, ಗ್ಲೂಕೋಸ್, ಕೆಲವು ಕೀಟನಾಶಕಗಳ ಪ್ರಮಾಣವನ್ನು ಅಳೆಯಬಹುದು. ಹಾಲು ಕೆಡದಿರಲೆಂದು ಕಳ್ಳತನದಿಂದ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸುವುದುಂಟಲ್ಲ, ಅದನ್ನು ಪತ್ತೆಹಚ್ಚುವ ಪರೀಕ್ಷಾ ಪಟ್ಟಿಯಲ್ಲಿ ಪುಡಿಯ ಒಂದು ಚಿಟಿಕೆಗಿಂತಲೂ ಕಡಿಮೆ ಸಾಕು, ಪಟ್ಟಿ ಹಾಲಿನ ಕ್ಯಾನಿಗೆ ಬೀಳುವುದೂ ಇಲ್ಲ. ಆಕೆಗೆ ಸಂಶೋಧನೆಯ ಆಸೆಯಿದ್ದರೆ ಕ್ಷಾರೀಯ, ಗಡಸು, ಫ್ಲೋರೈಡ್ ಇರುವ ನಮ್ಮ ನೀರಿನಲ್ಲಿ ಇಂತಹ ಪಟ್ಟಿ ಸರಿಯಾಗಿ ಓದುತ್ತದೆಯೇ ಎಂಬುದು ಒಳ್ಳೆಯ ಪ್ರಶ್ನೆ.

ಮಾರುವವರು ಮತ್ತೆ ಬಂದರೆ, ಪುಡಿ ಯಾವ ವಸ್ತುವಿನದು, ಪೆರಾಕ್ಸೈಡ್ ಸೇರಿಸಬೇಕೇ, ಕೆಲಸ ಮುಗಿದ ಮೇಲೆ ಅದನ್ನು ನೀರಿನಿಂದ ಹೇಗೆ ಹೊರತೆಗೆಯುವುದು, ಸೋಸಿದ ನೀರಿನಲ್ಲಿ ಉಳಿಯುವ ಲೋಹವೆಷ್ಟು ಎಂದು ಬರಹದಲ್ಲಿ ಕೇಳಿ. ಗಾಜು ಅಥವಾ ಹೆಂಚಿನ ಬಿಲ್ಲೆಗೆ ಭದ್ರವಾಗಿ ಲೇಪಿಸಿದ ರೂಪದಲ್ಲಿದ್ದರೆ, ಕುಡಿಯದ ನೀರಿಗೆ, ಮುಚ್ಚಿದ ತೆಳು ತಟ್ಟೆಯಲ್ಲಿ ಪರೀಕ್ಷಾರ್ಥ ಬಳಸುವುದನ್ನು ನಾನು ವಿರೋಧಿಸುವುದಿಲ್ಲ. ಫ್ಲೋರೈಡಿನ ಮಾತೆತ್ತಿದರೆ ನಿಮ್ಮದೇ ನೀರನ್ನು ಮೊದಲು ಮತ್ತು ನಂತರ ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ನೀವೇ ಕೊಂಡೊಯ್ದು ಕೊಡಿ. ಒಟ್ಟು ಕರಗಿದ ಲವಣವನ್ನು ತೋರಿಸುವ, ಕೈಯಲ್ಲಿ ಹಿಡಿಯುವ ಟಿಡಿಎಸ್ ಮೀಟರು ಫ್ಲೋರೈಡನ್ನು ಗುರುತಿಸುವುದಿಲ್ಲ. ಪಂಪನ್ನು ಹತ್ತು ನಿಮಿಷ ಓಡಿಸಿದ ಮೇಲೆ, ಅದೇ ನೀರಿನಲ್ಲಿ ಮೂರು ಸಲ ಗಲಬರಿಸಿದ ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿಯಲ್ಲಿ ಮಾದರಿ ತುಂಬಿ. ಗಾಜಿನ ಬಾಟಲಿ ಬೇಡ. ಒಮ್ಮೆ ಏಪ್ರಿಲ್–ಮೇ ತಿಂಗಳಲ್ಲಿ, ಇನ್ನೊಮ್ಮೆ ಮಳೆಗಾಲ ಮುಗಿದ ಮೇಲೆ ಪರೀಕ್ಷಿಸಿದರೆ 2.6 ಎಂಬ ಅಂಕಿ ವರ್ಷವಿಡೀ ಹಾಗೆಯೇ ಇರುತ್ತದೆಯೋ ಇಲ್ಲವೋ ತಿಳಿಯುತ್ತದೆ, ಮಳೆನೀರಿನ ತೊಟ್ಟಿ ಎಷ್ಟು ದೊಡ್ಡದಿರಬೇಕೆಂದು ಆಗ ಲೆಕ್ಕ ಹಾಕಬಹುದು.